ಹೆನ್ರಿ ಫೋರ್ಡನ ಮೊದಲ ಬಂಡಿ

1876ನೆಯ ಇಸವಿಯ ಜುಲೈ ತಿಂಗಳು. ಅಮೆರಿಕದ ಮಿಚಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರಕ್ಕೆ ಹೋಗುವ ಮಣ್ಣುದಾರಿಯ ಮೇಲೆ ಒಬ್ಬ ರೈತನ ಕುದುರೆಗಾಡಿ ಸಾಗುತ್ತಿದ್ದಿತು. ರೈತನ ಪಕ್ಕದಲ್ಲಿ ಅವನ ಹಿರಿಯ ಮಗನು ಕುಳಿತಿದ್ದನು. ಹುಡುಗನಿಗೆ ಹದಿಮೂರು ತುಂಬಲು ಇನ್ನೂ ಕೆಲವು ದಿನಗಳು ಉಳಿದಿದ್ದವು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅವನು ತನ್ನ ತಾಯಿಯನ್ನು ಕಳೆದುಕೊಂಡಿದ್ದನು. ಅಂದಿನಿಂದ ಮನೆಯು ಮುಖ್ಯವಾದ ಭಾಗವೊಂದನ್ನು ಕಳಚಿಟ್ಟ ಗಡಿಯಾರದಂತೆ ಅವನಿಗೆ ತೋರುತ್ತಿದ್ದಿತು.

ಹಾದಿಯ ತಿರುವಿನಲ್ಲಿ ಬುಸುಗುಟ್ಟುತ್ತ, ಹೊಗೆ ಕಾರುತ್ತ ಒಂದು ಉಗಿಯಂತ್ರವು ಎದುರಾಯಿತು. ಉಗಿಯಂತ್ರಗಳನ್ನು ಹುಡುಗನು ಮೊದಲೇ ಕಂಡಿದ್ದನು. ತೆನೆ ಒಕ್ಕಲು, ಮರ ಕೊಯ್ಯಲು ಅವು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದವು. ಆದರೆ ಅವುಗಳನ್ನು ಕುದುರೆಗಳು ಎಳೆಯುತ್ತಿದ್ದವು. ಈ ಯಂತ್ರದ ಮುಂದೆ ಕುದುರೆಗಳೇ ಇರಲಿಲ್ಲ. ಯಂತ್ರಕ್ಕೂ ಹಿಂದಿನ ಗಾಲಿಗಳಿಗೂ ನಡುವೆ ಒಂದು ಸರಪಳಿಯನ್ನು ಹೂಡಿದ್ದರು. ಯಂತ್ರವು ತನ್ನನ್ನು ತಾನೇ ಎಳೆದುಕೊಂಡು ಬರುತ್ತಿದ್ದಿತು. ಕುದುರೆಗಾಡಿಗೆ ದಾರಿ ಬಿಡಲೆಂದು ಅದು ಬದಿಗೆ ನಿಂತಿತೋ ಇಲ್ಲವೋ, ತಂದೆಗೆ ತಿಳಿಯುವ ಮೊದಲೇ ಹುಡುಗನು ಗಾಡಿಯಿಂದ ಧುಮುಕಿ ಯಂತ್ರ ನಡೆಸುವವನ ಬಳಿಗೆ ಓಡಿದನು. ಆತನು ಬೇಸರಪಡದೆ ಎಲ್ಲವನ್ನೂ ತೋರಿಸಿದನು. ದಾರಿಯಲ್ಲಿ ನಡೆಯುವಾಗ ಗಾಲಿಗೆ ಸರಪಳಿ. ಹೊಲ ಸೇರಿದ ಮೇಲೆ ಸರಪಳಿಯನ್ನು ಬಿಡಿಸಿ, ತೊಗಲಿನ ಬೆಲ್ಟನ್ನು ತೊಡಿಸಿ ಒಕ್ಕುವ ಯಂತ್ರವನ್ನು ತಿರುಗಿಸುವುದು. ಶಕ್ತಿಯೊಂದೇ, ಅದನ್ನು ಸಾಗಿಸುವ ಬಗೆ ಎರಡು. ಆ ಹುಡುಗನೇ ಹೆನ್ರಿ ಫೋರ್ಡ್. ಮುಂದೆ ಅರವತ್ತು ದಾಟಿದ ಮೇಲೂ ಅವನಿಗೆ ಆ ಯಂತ್ರದ ಒಂದೊಂದು ಭಾಗವೂ ನೆನಪಿನಲ್ಲಿದ್ದಿತು.

ಹೆನ್ರಿ ಫೋರ್ಡನು ಹುಟ್ಟಿದ್ದು 1863ನೆಯ ಇಸವಿ ಜುಲೈ 30ರಂದು, ಡೆಟ್ರಾಯಿಟ್ಟಿಗೆ ಸಮೀಪದ ಡಿಯರ್‌ಬಾರ್ನ್ ಪ್ರದೇಶದ ಒಂದು ಹೊಲಮನೆಯಲ್ಲಿ. ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಿದ್ದಾಗ, 1847ರಲ್ಲಿ, ಅವನ ತಂದೆ ವಿಲಿಯಂ ಫೋರ್ಡನು ಅಲ್ಲಿಂದ ವಲಸೆ ಬಂದು, ಕಾಡು ಕಡಿದು ಹೊಲ ಮಾಡಿಕೊಂಡವನು. ದುಡಿದು ಪಡೆದ ಆ ನೆಲವನ್ನು ಮಗನು ಮುಂದುವರಿಸಬೇಕೆಂಬುದು ತಂದೆಯ ಆಸೆ. ಮಗನಿಗಾದರೋ ಹೊಲದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಮನುಷ್ಯನೂ ಕುದುರೆಯೂ ಇಷ್ಟೊಂದು ಬೆವರು ಸುರಿಸಿ ಪಡೆಯುವ ಫಲವು ಬಹಳ ಸ್ವಲ್ಪವೆಂದು ಅವನಿಗೆ ಅನಿಸುತ್ತಿದ್ದಿತು. ಮೊಳೆಯೊಂದನ್ನು ಮಸೆದು ತಿರುಪುಳಿ ಮಾಡಿಕೊಂಡು ಅವನು ನೆರೆಹೊರೆಯವರ ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಿದ್ದನು.

1879ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅವನು ಡೆಟ್ರಾಯಿಟ್ಟಿಗೆ ನಡೆದು ಯಂತ್ರಶಾಲೆಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ವಾರಕ್ಕೆ ಎರಡೂವರೆ ಡಾಲರ್ ಕೂಲಿ; ಊಟ ವಸತಿಗೆ ಮೂರೂವರೆ ಡಾಲರ್ ವೆಚ್ಚ. ಈ ಕೊರತೆಯನ್ನು ಅವನು ರಾತ್ರಿಯ ಹೊತ್ತು ಅಂಗಡಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡಿ ತುಂಬಿಕೊಂಡನು. ಆ ಕಾಲದ ಯಂತ್ರಶಾಲೆಗಳಲ್ಲಿ ಮಾಡಿನ ಕೆಳಗೆ ಉದ್ದಕ್ಕೂ ಒಂದು ಉಕ್ಕಿನ ದಂಡವು ತಿರುಗುತ್ತಿದ್ದಿತು. ಅದರಿಂದ ಇಳಿದುಬಂದ ತೊಗಲಿನ ಬೆಲ್ಟುಗಳು ಪ್ರತಿಯೊಂದು ಯಂತ್ರವನ್ನೂ ನಡೆಸುತ್ತಿದ್ದವು. ಕೋಲಿನಿಂದ ಬೆಲ್ಟನ್ನು ಒಂದು ರಾಟೆಯಿಂದ ಪಕ್ಕದ ರಾಟೆಗೆ ಸರಿಸಿದರೆ ಯಂತ್ರ ನಿಲ್ಲುವುದು. ಮರಳಿ ಸರಿಸಿದರೆ ನಡೆಯುವುದು. ದೊಡ್ಡ ಎಂಜಿನ್ನನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ಯಂತ್ರಶಾಲೆಯಲ್ಲಿ ಇದು ಯಾರೂ ತಿರುಗಿ ನೋಡದ ದಿನನಿತ್ಯದ ಸಂಗತಿಯಾಗಿದ್ದಿತು.

ಮೂರು ವರ್ಷಗಳಾದ ಮೇಲೆ ಫೋರ್ಡನು ಊರಿಗೆ ಮರಳಿದನು. ನೆರೆಯವನೊಬ್ಬನು ಕೊಂಡಿದ್ದ ವೆಸ್ಟಿಂಗ್‌ಹೌಸ್ ಉಗಿಯಂತ್ರವನ್ನು ನಡೆಸಲು ಯಾರಿಗೂ ಧೈರ್ಯವಿರಲಿಲ್ಲ. ಹತ್ತೊಂಬತ್ತರ ಹರೆಯದ ಫೋರ್ಡನು ಆ ಕೆಲಸವನ್ನು ವಹಿಸಿಕೊಂಡನು. ಅಂದು ಒಳಗೊಳಗೆ ಅವನಿಗೂ ಭಯವಿದ್ದಿತು. ಆದರೂ ಆ ಯಂತ್ರದೊಡನೆ ಊರೂರು ತಿರುಗಿ, ದಿನಕ್ಕೆ ಮೂರು ಡಾಲರಿನಂತೆ, ಅವನು ಆ ಋತುವಿನ ಒಕ್ಕಣೆಯನ್ನು ಮುಗಿಸಿಕೊಟ್ಟನು. 1888ರಲ್ಲಿ ಕ್ಲಾರಾ ಬ್ರಯಂಟ್ ಎಂಬ ರೈತನ ಮಗಳೊಡನೆ ಅವನ ವಿವಾಹವಾಯಿತು. ತಂದೆಯು ಮಗನು ಮಣ್ಣಿನಲ್ಲಿ ಬೇರೂರಲೆಂದು ನಲವತ್ತು ಎಕರೆ ಕಾಡುನೆಲವನ್ನು ಕೊಟ್ಟನು. ಮಗನು ಅಲ್ಲಿ ಮರ ಕೊಯ್ಯುವ ಯಂತ್ರವನ್ನು ಹೂಡಿದನು.

ಕುದುರೆಯಿಲ್ಲದ ಗಾಡಿಯ ಯೋಚನೆಯು ಅವನನ್ನು ಬಿಟ್ಟಿರಲಿಲ್ಲ. ಮೊದಲು ಉಗಿಯಿಂದಲೇ ಗಾಡಿಯನ್ನು ನಡೆಸಲು ಯತ್ನಿಸಿದನು. ಆದರೆ ಹಗುರವಾದ ಗಾಡಿಗೆ ಸಾಲುವಷ್ಟು ಶಕ್ತಿ ಬೇಕಾದರೆ ಉಗಿಯ ಒತ್ತಡವನ್ನು ಬಹಳವಾಗಿ ಏರಿಸಬೇಕು; ಕುದಿಯುವ ಅಂಥ ಪಾತ್ರೆಯ ಮೇಲೆ ಕುಳಿತು ಸಾಗುವುದು ಪ್ರಾಣಕ್ಕೆ ಅಪಾಯ. ಒತ್ತಡವನ್ನು ತಡೆಯಲು ಪಾತ್ರೆಯನ್ನು ದಪ್ಪ ಮಾಡಿದರೆ ಗಾಡಿಯ ಶಕ್ತಿಯೆಲ್ಲ ಆ ಭಾರವನ್ನು ಹೊರುವುದಕ್ಕೇ ಮುಗಿದುಹೋಗುವುದು. ಇಷ್ಟು ಹೊತ್ತಿಗೆ ಯೂರೋಪಿನಲ್ಲಿ ಹೊಸ ಬಗೆಯ ಎಂಜಿನ್ನು ಹುಟ್ಟಿದ್ದಿತು. ಬೆಂಕಿಯು ಹೊರಗೆ ಉರಿಯದೆ ಸಿಲಿಂಡರಿನ ಒಳಗೇ ಉರಿಯುವ ನಾಲ್ಕು ಹೊಡೆತದ ಎಂಜಿನ್ನನ್ನು ಜರ್ಮನಿಯ ಓಟೋ ಎಂಬವನು ರೂಪಿಸಿದ್ದು 1876ರಲ್ಲಿ. ಮಿಚಿಗನ್ನಿನ ಹಾದಿಯಲ್ಲಿ ಹುಡುಗನು ಗಾಡಿಯಿಂದ ಧುಮುಕಿದ್ದೂ ಅದೇ ವರ್ಷ.

1891ರಲ್ಲಿ ಒಂದು ದಿನ ಫೋರ್ಡನು ಡೆಟ್ರಾಯಿಟ್ಟಿನಿಂದ ಬಂದು, ಸಂಗೀತದ ಹಾಳೆಯೊಂದರ ಹಿಂಬದಿಯಲ್ಲಿ ತಾನು ಕಟ್ಟಬೇಕೆಂದಿದ್ದ ಗಾಡಿಯ ಚಿತ್ರವನ್ನು ಹೆಂಡತಿಗೆ ಬರೆದು ತೋರಿಸಿದನು. ಇಂಥ ಎಂಜಿನ್ನಿಗೆ ವಿದ್ಯುತ್ ಕಿಡಿ ಬೇಕು. ವಿದ್ಯುತ್ತಿನ ಕೆಲಸವನ್ನು ಕಲಿಯಬೇಕಾದರೆ ನಗರಕ್ಕೆ ಹೋಗಬೇಕು. ಕ್ಲಾರಾ ತಾನೇ ನಕ್ಷೆ ಯೋಚಿಸಿ ಕಟ್ಟಿಸಿದ್ದ ಮನೆಯಲ್ಲಿ ಸುಖವಾಗಿದ್ದಳು. ಆ ಮನೆಯನ್ನು ಬಿಟ್ಟು ನಗರದ ಬಾಡಿಗೆ ಮನೆಗೆ ಹೋಗುವುದು ಆಕೆಗೆ ಸುಲಭವಾಗಿರಲಿಲ್ಲ. ಆದರೂ ಆಕೆ ಒಪ್ಪಿದಳು. ಫೋರ್ಡನು ಎಡಿಸನ್ ವಿದ್ಯುದ್ದೀಪ ಕಂಪನಿಯಲ್ಲಿ ತಿಂಗಳಿಗೆ 45 ಡಾಲರ್ ಸಂಬಳಕ್ಕೆ ಸೇರಿದನು. ಎರಡು ವರ್ಷಗಳಲ್ಲಿ ಮುಖ್ಯ ಎಂಜಿನಿಯರನಾದನು. ಸಂಸಾರವು ಬ್ಯಾಗ್ಲಿ ಅವೆನ್ಯೂವಿನ 58ನೆಯ ನಂಬರಿನ ಮನೆಗೆ ಬಂದಿತು. ಮನೆಯ ಹಿಂದೆ ಇಟ್ಟಿಗೆಯ ಒಂದು ಸಣ್ಣ ಕೊಟ್ಟಿಗೆ ಇದ್ದಿತು.

1893ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ. ಮರುದಿನ ಬರುವ ನೆಂಟರಿಗಾಗಿ ಕ್ಲಾರಾ ಅಡುಗೆಯ ಸಿದ್ಧತೆಯಲ್ಲಿದ್ದಳು. ಏಳು ವಾರದ ಮಗು ಎಡ್ಸೆಲ್ ಪಕ್ಕದ ಕೋಣೆಯಲ್ಲಿ ನಿದ್ರಿಸುತ್ತಿದ್ದಿತು. ಫೋರ್ಡನು ಕಬ್ಬಿಣದ ಕೊಳವೆಯ ತುಂಡಿನಿಂದ ಮಾಡಿದ ಒಂದು ಚಿಕ್ಕ ಎಂಜಿನ್ನನ್ನು ತಂದು ಅಡುಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಗೆ ಬಿಗಿದನು. ಮನೆಯ ದೀಪದ ತಂತಿಯಿಂದ ಕಿಡಿಗೆ ವಿದ್ಯುತ್ತನ್ನು ಪಡೆದನು. ಪೆಟ್ರೋಲನ್ನು ತೊಟ್ಟು ತೊಟ್ಟಾಗಿ ಹನಿಸುವ ಕೆಲಸವು ಕ್ಲಾರಾಳದಾಯಿತು. ಅವನು ಚಕ್ರವನ್ನು ತಿರುಗಿಸಿದನು. ತೊಟ್ಟಿ ನಡುಗಿತು, ಕೊಳವೆಯ ಬಾಯಿಂದ ಬೆಂಕಿ ಚಿಮ್ಮಿತು, ಎಂಜಿನ್ನು ನಡೆಯಿತು. ಸ್ವಲ್ಪ ಹೊತ್ತು ನಡೆಸಿ ಅವನು ಅದನ್ನು ನಿಲ್ಲಿಸಿದನು. ಅವನಿಗೆ ಬೇಕಾಗಿದ್ದುದು ಅಷ್ಟೇ. ಕುದಿಯುವ ಹಂಡೆಯೊಂದಿಲ್ಲದೆ ಶಕ್ತಿಯನ್ನು ಪಡೆಯಬಹುದೆಂದು ತಿಳಿಯಿತು.

ಶಕ್ತಿ ದೊರೆತ ಮಾತ್ರಕ್ಕೆ ಗಾಡಿ ನಡೆಯುವುದಿಲ್ಲ. ಎಂಜಿನ್ನಿನ ದಂಡ ಒಂದು ಕಡೆ, ಗಾಲಿ ಮತ್ತೊಂದು ಕಡೆ. ನಡುವಿನ ಎರಡು ಮೂರು ಅಡಿಗಳನ್ನು ಶಕ್ತಿಯು ಹೇಗೆ ದಾಟಬೇಕು? ಕುದುರೆಗಾಗಲಿ ಉಗಿಯಂತ್ರಕ್ಕಾಗಲಿ ಇಲ್ಲದ ಒಂದು ದೌರ್ಬಲ್ಯ ಪೆಟ್ರೋಲು ಎಂಜಿನ್ನಿಗೆ ಇದೆ. ಕುದುರೆಯು ನಿಂತಲ್ಲಿಂದಲೇ ಭಾರವನ್ನು ಜಗ್ಗಬಲ್ಲದು. ಉಗಿಯಂತ್ರವೂ ನಿಂತಲ್ಲಿಂದ ತಳ್ಳಬಲ್ಲದು. ಪೆಟ್ರೋಲು ಎಂಜಿನ್ನು ಹಾಗಲ್ಲ. ಅದು ಮೊದಲು ತಾನು ಬರಿದೇ ತಿರುಗುತ್ತಿರಬೇಕು, ಅನಂತರವೇ ಭಾರವನ್ನು ಹೊರಬಲ್ಲದು. ತಿರುಗುತ್ತಿರುವ ಎಂಜಿನ್ನನ್ನು ನಿಶ್ಚಲವಾದ ಗಾಲಿಗೆ ತಟ್ಟನೆ ಜೋಡಿಸಿದರೆ ಎಂಜಿನ್ನು ನಿಂತುಬಿಡುವುದು. ಇಲ್ಲವೇ ಯಾವುದಾದರೂ ಭಾಗ ಮುರಿಯುವುದು. ಆದ್ದರಿಂದ ನಡುವೆ ಇರುವುದು ಒಮ್ಮೆ ಬಿಡಲೂ ಬೇಕು, ಒಮ್ಮೆ ಹಿಡಿಯಲೂ ಬೇಕು. ಹಿಡಿಯುವಾಗ ಮೆಲ್ಲಮೆಲ್ಲನೆ ಹಿಡಿಯಬೇಕು. ಮನೆಯಲ್ಲಿ ಗಾಡಿ ಕಟ್ಟಿದವರೆಲ್ಲರೂ ಎಡವಿದ ಸ್ಥಳವಿದು.

ಬೆಲ್ಟಿನಲ್ಲಿ ಈ ಗುಣವಿದೆ. ಹಿಟ್ಟಿನ ಗಿರಣಿಯಲ್ಲಿ ಅದನ್ನು ಕಂಡವರಿಗೆ ಈ ಸಂಗತಿ ಹೊಸದಲ್ಲ. ಬೆಲ್ಟು ರಾಟೆಯನ್ನು ತಿರುಗಿಸುವುದು ಹಲ್ಲಿನಿಂದಲ್ಲ, ಬರಿಯ ಉಜ್ಜುವಿಕೆಯಿಂದ. ಸಡಿಲವಾಗಿದ್ದರೆ ರಾಟೆಯ ಮೇಲೆ ಸುಮ್ಮನೆ ಜಾರುತ್ತದೆ. ಬಿಗಿ ಮಾಡುತ್ತ ಬಂದಂತೆ ಜಾರುವುದು ಕಡಮೆಯಾಗಿ, ಹಿಡಿತವು ಹೆಚ್ಚಿ, ಭಾರವು ಸದ್ದಿಲ್ಲದೆ ಚಲಿಸತೊಡಗುತ್ತದೆ. ಎಂಜಿನ್ನಿನ ಹೊಡೆತಗಳ ಅದುರು ಬೆಲ್ಟಿನಲ್ಲಿಯೇ ಅಡಗಿಹೋಗುತ್ತದೆ. ಆದರೆ ಜಾರುವ ಗುಣವೇ ಅದರ ದೋಷವೂ ಆಗಿದೆ. ತೊಗಲು ಮಳೆಯಲ್ಲಿ ನೆನೆಯುತ್ತದೆ, ಹಿಗ್ಗುತ್ತದೆ. ಎಣ್ಣೆ ತಗಲಿದರೆ ಹಿಡಿತ ಬಿಡುತ್ತದೆ. ಏರುದಾರಿಯಲ್ಲಿ ಗಾಲಿಗೆ ಹೆಚ್ಚು ಎಳೆತ ಬೇಕಾದಾಗಲೇ ಅದು ಜಾರಿ, ಶಕ್ತಿಯೆಲ್ಲ ಬಿಸಿಯಾಗಿ ನಷ್ಟವಾಗುತ್ತದೆ.

ಸರಪಳಿಯ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದರ ಕೊಂಡಿಗಳು ಚಕ್ರದ ಹಲ್ಲುಗಳಲ್ಲಿ ಕೂಡುತ್ತವೆ, ಅದು ಜಾರದು. ಒಂದು ಚಕ್ರ ತಿರುಗಿದಷ್ಟಕ್ಕೆ ಸರಿಯಾದ ಲೆಕ್ಕದಲ್ಲಿ ಇನ್ನೊಂದು ತಿರುಗಲೇಬೇಕು. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬವನು ಉರುಳೆಗಳುಳ್ಳ ಸರಪಳಿಯನ್ನು ರೂಪಿಸಿದ ಮೇಲೆ ಅದು ಸರಾಗವಾಗಿ ತಿರುಗುವಂತಾಯಿತು. ಬೈಸಿಕಲ್ಲು ಜನಪ್ರಿಯವಾದ ಆ ವರ್ಷಗಳಲ್ಲಿ ಒಳ್ಳೆಯ ಸರಪಳಿ ಎಲ್ಲೆಡೆ ಸಿಗತೊಡಗಿತು. ಆದರೆ ಸರಪಳಿಗೆ ದಾಕ್ಷಿಣ್ಯವಿಲ್ಲ. ಹಿಡಿದರೆ ಪೂರ್ತಿ ಹಿಡಿಯಿತು, ಬಿಟ್ಟರೆ ಪೂರ್ತಿ ಬಿಟ್ಟಿತು. ಎಂಜಿನ್ನಿಗೂ ಗಾಲಿಗೂ ನೇರವಾಗಿ ಸರಪಳಿಯನ್ನೇ ಹಾಕಿದರೆ, ಗಾಡಿ ನಿಂತಾಗಲೆಲ್ಲ ಎಂಜಿನ್ನೂ ನಿಲ್ಲಬೇಕಾಗುವುದು. ಅದಲ್ಲದೆ ಅದು ಸದ್ದು ಮಾಡುತ್ತದೆ; ದಾರಿಯ ದೂಳು ಕೆಸರು ಸೇರಿ ಬೇಗ ಸವೆಯುತ್ತದೆ.

ಫೋರ್ಡನು ಎರಡರಲ್ಲಿ ಒಂದನ್ನು ಆರಿಸಲಿಲ್ಲ. ಎರಡಕ್ಕೂ ಅವುಗಳಿಗೆ ತಕ್ಕ ಸ್ಥಳವನ್ನು ಕೊಟ್ಟನು. ಎಂಜಿನ್ನಿಗೂ ಹಿಂದಿನ ಗಾಲಿಗಳಿಗೂ ನಡುವೆ ಒಂದು ದಂಡವನ್ನು ಅಡ್ಡಲಾಗಿ ಕೂರಿಸಿದನು. ಎಂಜಿನ್ನಿನಿಂದ ನಡುವಣ ಈ ದಂಡಕ್ಕೆ ಬೆಲ್ಟು. ಈ ದಂಡದಿಂದ ಹಿಂದಿನ ಗಾಲಿಗೆ ಸರಪಳಿ. ಎಂಜಿನ್ನಿನ ದಂಡವು ವೇಗವಾಗಿ ತಿರುಗುತ್ತದೆ, ಅಲ್ಲಿ ಎಳೆತ ಕಡಮೆ. ಅಷ್ಟನ್ನು ಬೆಲ್ಟು ತಾಳಬಲ್ಲದು. ಗಾಲಿಯು ನಿಧಾನವಾಗಿ ತಿರುಗುತ್ತದೆ, ಅಲ್ಲಿ ಎಳೆತ ಹೆಚ್ಚು. ಅಲ್ಲಿಗೆ ಜಾರದ ಸರಪಳಿಯೇ ಬೇಕು. ರಾಟೆಗಳ ಅಳತೆಯನ್ನು ಬೇರೆ ಬೇರೆ ಮಾಡಿ, ಬೆಲ್ಟಿನಿಂದಲೇ ಅವನು ಎರಡು ವೇಗಗಳನ್ನು ಪಡೆದನು: ಗಂಟೆಗೆ ಹತ್ತು ಮೈಲಿ ಮತ್ತು ಇಪ್ಪತ್ತು ಮೈಲಿ, ಎಂದರೆ ಸುಮಾರು 16 ಮತ್ತು 32 ಕಿಲೋಮೀಟರ್. ಆಸನದ ಮುಂದಿನ ಹಿಡಿಕೋಲನ್ನು ಹಿಂದಕ್ಕೆ ಎಳೆದರೆ ಕಡಮೆ ವೇಗ, ಮುಂದಕ್ಕೆ ತಳ್ಳಿದರೆ ಹೆಚ್ಚು ವೇಗ. ಕೋಲು ನೆಟ್ಟಗೆ ನಿಂತಿದ್ದರೆ ಎಂಜಿನ್ನು ಬರಿದೇ ತಿರುಗುತ್ತಿರುವುದು. ಬೆಲ್ಟು ಯಂತ್ರಶಾಲೆಯದು, ಸರಪಳಿ ಬೈಸಿಕಲ್ಲಿನದು. ಇದರಲ್ಲಿ ಹೊಸದಾಗಿ ಕಂಡುಹಿಡಿದುದೇನೂ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜನು 1886ರಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ಗಾಡಿಯಲ್ಲಿಯೂ ಬೆಲ್ಟು ಮತ್ತು ಸರಪಳಿಗಳು ಹೀಗೆಯೇ ಜೊತೆಗೂಡಿದ್ದವು. ಮೋಟಾರು ಗಾಡಿಯನ್ನು ಫೋರ್ಡನೇ ಮೊದಲು ಕಂಡುಹಿಡಿದನೆಂಬ ಮಾತು ಸರಿಯಲ್ಲ.

ಹಗಲೆಲ್ಲ ವಿದ್ಯುತ್ ಕಂಪನಿಯ ಕೆಲಸ. ರಾತ್ರಿ ಮತ್ತು ರಜಾ ದಿನಗಳಲ್ಲಿ ಕೊಟ್ಟಿಗೆಯ ಕೆಲಸ. ಕೊಟ್ಟಿಗೆಯ ಅರ್ಧ ಭಾಗವು ನೆರೆಮನೆಯ ಮುದುಕನದು. ಈ ಕೆಲಸವನ್ನು ನೋಡುತ್ತ ಕುಳಿತು ಮನಸೋತ ಆತನು ತನ್ನ ಪಾಲಿನ ಕಲ್ಲಿದ್ದಲನ್ನು ತೆಗೆಸಿ ಜಾಗವನ್ನು ಬಿಟ್ಟುಕೊಟ್ಟನು. ಕಂಪನಿಯ ಗೆಳೆಯನಾದ ಜಿಮ್ ಬಿಷಪ್ ಮೊದಲಾದವರು ರಾತ್ರಿ ಬಂದು ಕೈಗೂಡಿಸುತ್ತಿದ್ದರು. ಸಂಬಳದ ಬಹುಭಾಗವು ಕಬ್ಬಿಣಕ್ಕೂ ತಿರುಪುಗಳಿಗೂ ಹೋಗುತ್ತಿದ್ದಿತು. ಲೆಕ್ಕ ನೋಡುತ್ತಿದ್ದ ಕ್ಲಾರಾ ಬ್ಯಾಂಕಿನಲ್ಲಿ ಮತ್ತೆಂದಾದರೂ ಹಣ ಉಳಿದೀತೇ ಎಂದು ಚಿಂತಿಸುತ್ತಿದ್ದಳು. ಆದರೆ ಕೆಲಸವನ್ನು ನಿಲ್ಲಿಸೆಂದು ಆಕೆ ಎಂದೂ ಹೇಳಲಿಲ್ಲ. ಗಂಡನಿಗೆ ಆಕೆಯಲ್ಲಿದ್ದ ನಂಬಿಕೆಯೂ ಅಂಥದೇ. ಆಕೆಯನ್ನು ಅವನು ನಂಬುಗೆಯ ಮೂರ್ತಿ ಎಂದೇ ಕರೆಯುತ್ತಿದ್ದನು.

1896ರ ಮಾರ್ಚ್ 6ರಂದು ಚಾರ್ಲ್ಸ್ ಕಿಂಗ್ ಎಂಬ ಎಂಜಿನಿಯರನು ಡೆಟ್ರಾಯಿಟ್ಟಿನ ಬೀದಿಯಲ್ಲಿ ಮೊಟ್ಟಮೊದಲ ಪೆಟ್ರೋಲು ಗಾಡಿಯನ್ನು ನಡೆಸಿದನು. ಫೋರ್ಡನು ಬೈಸಿಕಲ್ಲಿನಲ್ಲಿ ಅದರ ಹಿಂದೆಯೇ ಹೋದನು. ತಾನು ಕಟ್ಟುತ್ತಿದ್ದುದನ್ನು ಇನ್ನೊಬ್ಬನು ಮೊದಲೇ ಓಡಿಸಿದ್ದನ್ನು ನೋಡಿ ಅವನು ಕೈಚೆಲ್ಲಲಿಲ್ಲ. ಕಿಂಗನೂ ಅಸೂಯೆಪಡದೆ ತನ್ನಲ್ಲಿದ್ದ ಕವಾಟಗಳನ್ನು ಕೊಟ್ಟು ನೆರವಾದನು. ಕಿಂಗನ ಗಾಡಿ ಭಾರವಾಗಿದ್ದಿತು. ಫೋರ್ಡನದು ಅದರ ಅರ್ಧದಷ್ಟೂ ಇರಲಿಲ್ಲ. ಬೈಸಿಕಲ್ಲಿನಂಥ ನಾಲ್ಕು ತಂತಿಗಾಲಿಗಳು, ಎರಡು ಸಿಲಿಂಡರುಗಳ ನಾಲ್ಕು ಕುದುರೆ ಶಕ್ತಿಯ ಎಂಜಿನ್ನು, ಆಸನದ ಕೆಳಗೆ ಪೆಟ್ರೋಲಿನ ತೊಟ್ಟಿ, ದೋಣಿಗಿರುವಂಥ ಚುಕ್ಕಾಣಿಕೋಲು. ಎಲ್ಲ ಸೇರಿ ಸುಮಾರು 500 ಪೌಂಡು, ಎಂದರೆ 225 ಕಿಲೋಗ್ರಾಂ ತೂಕ. ಸಿಲಿಂಡರುಗಳನ್ನು ಮಾಡಿದ್ದು ಹಳೆಯ ಉಗಿಯಂತ್ರವೊಂದರ ಕೊಳವೆಯಿಂದ. ಗಾಡಿಯನ್ನು ಹಿಂದಕ್ಕೆ ನಡೆಸುವ ಏರ್ಪಾಡು ಇರಲಿಲ್ಲ. ಹಿಂದಕ್ಕೆ ಹೋಗಬೇಕಾದರೆ ಇಳಿದು ತಳ್ಳಬೇಕಾಗಿದ್ದಿತು. ನಾಲ್ಕು ಚಕ್ರದ ಬೈಸಿಕಲ್ಲಿನಂತಿದ್ದ ಅದಕ್ಕೆ ಕ್ವಾಡ್ರಿಸೈಕಲ್ ಎಂಬ ಹೆಸರಾಯಿತು. ಗಾಡಿ ಹೀಗೆ ಹಗುರವಾಗಿದ್ದುದರಿಂದಲೇ ತೊಗಲಿನ ಬೆಲ್ಟಿಗೆ ಅದರ ಭಾರವನ್ನು ತಾಳಲು ಸಾಧ್ಯವಾಯಿತು.

ಜೂನ್ 4ರ ನಡುರಾತ್ರಿ ಕಳೆದಿದ್ದಿತು. ಹೊರಗೆ ಜಿನುಗುಮಳೆ. ಎರಡು ದಿನಗಳಿಂದ ಫೋರ್ಡನು ನಿದ್ರೆ ಮಾಡಿರಲಿಲ್ಲ. ಕಡೆಯ ತಿರುಪನ್ನು ಬಿಗಿದು, ಗಾಡಿಯನ್ನು ಹೊರತರಬೇಕೆಂದಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಗಾಡಿಯು ಕೊಟ್ಟಿಗೆಯ ಬಾಗಿಲಿಗಿಂತ ಅಗಲವಾಗಿದ್ದಿತು! ಕೂದಲೆಳೆಯ ಲೆಕ್ಕದಲ್ಲಿ ಸಿಲಿಂಡರನ್ನು ಕೊರೆದವನು ಬಾಗಿಲನ್ನು ಅಳೆಯಲು ಮರೆತಿದ್ದನು. ಬೆಳಗಾಗುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಕೊಡಲಿಯನ್ನು ಎತ್ತಿಕೊಂಡು ಬಾಗಿಲ ಚೌಕಟ್ಟನ್ನೂ ಇಟ್ಟಿಗೆಯ ಗೋಡೆಯನ್ನೂ ಕೆಡವಿದನು. ಕೊಟ್ಟಿಗೆಯಾದರೋ ಮನೆಯ ಮಾಲಿಕನದು.

ಕ್ಲಾರಾ ಕೊಡೆ ಹಿಡಿದು ಮಳೆಯಲ್ಲಿ ನಿಂತಿದ್ದಳು. ಬಿಷಪ್ ಬೈಸಿಕಲ್ಲನ್ನೇರಿ, ಎದುರು ಬರಬಹುದಾದ ಕುದುರೆಗಾಡಿಗಳನ್ನು ಎಚ್ಚರಿಸಲು ಮುಂದೆ ಹೊರಟನು. ಫೋರ್ಡನು ಚಕ್ರವನ್ನು ಕೈಯಿಂದ ತಿರುಗಿಸಿದನು. ಎಂಜಿನ್ನು ಸದ್ದು ಮಾಡಿತು. ಆಸನದ ಮೇಲೆ ಕುಳಿತು ಅವನು ಹಿಡಿಕೋಲನ್ನು ಸರಿಸಿದನು. ಬೆಲ್ಟು ಬಿಗಿಯಿತು, ನಡುವಣ ದಂಡ ತಿರುಗಿತು, ಸರಪಳಿಯು ಗಾಲಿಯನ್ನು ಎಳೆಯಿತು. ಕಲ್ಲುಹಾಸಿನ ಬೀದಿಯ ಮೇಲೆ ಅದುರುತ್ತ ಗಾಡಿಯು ಕತ್ತಲಿನಲ್ಲಿ ಮರೆಯಾಯಿತು. ಸ್ವಲ್ಪ ದೂರ ಹೋದ ಮೇಲೆ ಅದು ನಿಂತುಬಿಟ್ಟಿತು. ಕೆಟ್ಟುದು ಬೆಲ್ಟೂ ಅಲ್ಲ, ಸರಪಳಿಯೂ ಅಲ್ಲ, ಕಿಡಿ ಕೊಡುವ ಭಾಗದ ಒಂದು ಚಿಕ್ಕ ಸ್ಪ್ರಿಂಗು. ಸಮೀಪದ ವಿದ್ಯುತ್ ಕಂಪನಿಯಿಂದ ಬೇರೊಂದನ್ನು ತಂದು ಹಾಕಿ ಅವರು ಮನೆಗೆ ಮರಳಿದರು. ಕೆಲವು ಗಂಟೆಗಳಲ್ಲಿ ಇಬ್ಬರೂ ಎಂದಿನಂತೆ ತಮ್ಮ ಕೆಲಸಕ್ಕೆ ಹೋದರು.

ಮುರಿದ ಗೋಡೆಯನ್ನು ಕಂಡು ಮಾಲಿಕನು ಕೋಪಗೊಂಡನು. ಆದರೆ ಒಳಗಿದ್ದ ಗಾಡಿಯನ್ನು ನೋಡಿದ ಮೇಲೆ ಗೋಡೆಯನ್ನು ಮತ್ತೆ ಕಟ್ಟಬೇಡ, ಅಗಲವಾದ ಬಾಗಿಲನ್ನೇ ಇಡು ಎಂದು ಒಪ್ಪಿಕೊಂಡನು. ಊರಿನವರೆಲ್ಲ ಅಷ್ಟು ಉದಾರಿಗಳಾಗಿರಲಿಲ್ಲ. ಕುದುರೆಗಳು ಬೆದರುವುವೆಂದು ಜನರು ಗೊಣಗಿದರು. ಗಾಡಿ ನಿಲ್ಲಿಸಿದಲ್ಲೆಲ್ಲ ಗುಂಪು ಸೇರುವುದು. ಫೋರ್ಡನು ಅತ್ತ ತಿರುಗಿದರೆ ಯಾರಾದರೂ ಹತ್ತಿ ಓಡಿಸಲು ನೋಡುವರು. ಕಡೆಗೆ ಅವನು ಇನ್ನೊಂದು ಸರಪಳಿಯನ್ನು ಜೊತೆಗೆ ಇಟ್ಟುಕೊಂಡು, ಹೋದಲ್ಲೆಲ್ಲ ಗಾಡಿಯನ್ನು ದೀಪದ ಕಂಬಕ್ಕೆ ಕಟ್ಟಿಹಾಕಬೇಕಾಯಿತು. ಗಾಡಿಯನ್ನು ಹಳ್ಳಿಯವರೆಗೆ ನಡೆಸಿಕೊಂಡು ಹೋಗಿ ತಂದೆಗೂ ತೋರಿಸಿದನು. ಹೊಲವನ್ನು ಬಿಟ್ಟುಹೋದ ಮಗನ ಈ ಆಟಿಕೆಯಲ್ಲಿ ವಿಲಿಯಂ ಫೋರ್ಡನಿಗೆ ಉತ್ಸಾಹ ಹುಟ್ಟಲಿಲ್ಲ.

ತಂದೆಯಿಂದ ದೊರೆಯದ ಮೆಚ್ಚಿಕೆಯು ಅದೇ ಆಗಸ್ಟ್ ತಿಂಗಳಲ್ಲಿ ಬೇರೆ ಕಡೆಯಿಂದ ದೊರೆಯಿತು. ನ್ಯೂಯಾರ್ಕಿನ ಬಳಿ ನಡೆದ ವಿದ್ಯುತ್ ಕಂಪನಿಗಳ ಸಮ್ಮೇಳನದಲ್ಲಿ ಫೋರ್ಡನು ಥಾಮಸ್ ಎಡಿಸನ್ನನ ಎದುರಿಗೆ ಕುಳಿತು ತನ್ನ ಎಂಜಿನ್ನನ್ನು ವಿವರಿಸುವ ಅವಕಾಶ ಪಡೆದನು. ಕಿವಿ ಮಂದವಾಗಿದ್ದ ಎಡಿಸನ್ನನು ಹತ್ತಿರಕ್ಕೆ ಕರೆದು ಪ್ರಶ್ನೆಗಳನ್ನು ಕೇಳಿದನು. ಮೇಜನ್ನು ಗುದ್ದಿ, ಕೆಲಸವನ್ನು ಬಿಡದೆ ಮುಂದುವರಿಸುವಂತೆ ಹುರಿದುಂಬಿಸಿದನು. ವಿದ್ಯುತ್ ಗಾಡಿಯು ವಿದ್ಯುದಾಗಾರದ ಹತ್ತಿರವೇ ಸುತ್ತಬೇಕು, ಉಗಿ ಗಾಡಿಯು ಹಂಡೆಯನ್ನೂ ಬೆಂಕಿಯನ್ನೂ ಹೊರಬೇಕು. ಈ ಗಾಡಿಯಾದರೋ ತನ್ನ ಶಕ್ತಿಯನ್ನು ತಾನೇ ಹೊತ್ತು ಸಾಗುತ್ತದೆ ಎಂಬುದು ಅವನ ಅಭಿಪ್ರಾಯವಾಗಿದ್ದಿತು. ಆ ವರ್ಷವೇ ಫೋರ್ಡನು ತನ್ನ ಮೊದಲ ಗಾಡಿಯನ್ನು 200 ಡಾಲರಿಗೆ ಮಾರಿ, ಆ ಹಣವನ್ನು ಎರಡನೆಯ ಗಾಡಿಗೆ ತೊಡಗಿಸಿದನು.

ಮುಂದಿನ ದಾರಿ ನೇರವಾಗಿರಲಿಲ್ಲ. 1899ರಲ್ಲಿ ಅವನು ನಿಶ್ಚಿತ ಸಂಬಳದ ಕೆಲಸವನ್ನು ಬಿಟ್ಟನು. ಸೇರಿದ ಮೊದಲ ಮೋಟಾರು ಕಂಪನಿಯು 1901ರಲ್ಲಿ ಮುಚ್ಚಿಹೋಯಿತು; ಎರಡನೆಯದನ್ನು 1902ರಲ್ಲಿ ಅವನೇ ಬಿಟ್ಟುಬಂದನು. 1903ರ ಜೂನ್ 16ರಂದು ಮೂರನೆಯದಾಗಿ ಫೋರ್ಡ್ ಮೋಟಾರ್ ಕಂಪನಿಯು ಸ್ಥಾಪಿತವಾಯಿತು. ಒಂದು ತಿಂಗಳೊಳಗೆ ಅದರ ಬ್ಯಾಂಕಿನ ಲೆಕ್ಕದಲ್ಲಿ 223 ಡಾಲರ್ ಚಿಲ್ಲರೆ ಮಾತ್ರ ಉಳಿದಿದ್ದಿತು. ಅಷ್ಟರಲ್ಲಿ ಶಿಕಾಗೋ ನಗರದ ದಂತವೈದ್ಯನೊಬ್ಬನು 850 ಡಾಲರ್ ತೆತ್ತು ಮೊದಲ ಕಾರನ್ನು ಕೊಂಡನು, ಕಂಪನಿ ಬದುಕಿತು. ಆ ಕಾರಿನಲ್ಲಿ ಬೆಲ್ಟು ಇರಲಿಲ್ಲ, ಸರಪಳಿ ಮಾತ್ರ ಉಳಿದಿದ್ದಿತು. 1908ರ ಅಕ್ಟೋಬರಿನಲ್ಲಿ ಹೊರಬಂದ ಪ್ರಸಿದ್ಧವಾದ ಟಿ ಮಾದರಿಯಲ್ಲಿ ಸರಪಳಿಯೂ ಹೋಯಿತು. ಕೆಸರು ತಾಗದಂತೆ ಕೊಳವೆಯೊಳಗೆ ಮುಚ್ಚಿದ ದಂಡವು ಹಿಂದಿನ ಗಾಲಿಗಳನ್ನು ತಿರುಗಿಸತೊಡಗಿತು. ಆದರೂ ಬೆಲ್ಟು ಕಲಿಸಿದ ಪಾಠ ಅಳಿಯಲಿಲ್ಲ. ಚಾಲಕನು ಕಾಲಿನಿಂದ ಒತ್ತಿದಾಗ, ಹತ್ತಿಯ ಪಟ್ಟಿಗಳು ತಿರುಗುವ ಉರುಳೆಗಳನ್ನು ಮೊದಲು ಜಾರುತ್ತ, ಅನಂತರ ಬಿಗಿಯಾಗಿ ಹಿಡಿಯುತ್ತಿದ್ದವು.

ಹಳ್ಳಿಯ ರೈತರು ಈ ಕಾರನ್ನು ತಮ್ಮದೇ ರೀತಿಯಲ್ಲಿ ಬಳಸಿದರು. ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟನ್ನು ತೊಡಿಸಿ, ಮರ ಕೊಯ್ದರು, ಕಾಳು ಬೀಸಿದರು, ನೀರೆತ್ತಿದರು. ಸಂತೆಗೆ ಹೋಗಿಬಂದ ಗಾಡಿಯೇ ಹೊಲದ ಕೂಲಿಯಾಯಿತು. 1876ರ ಆ ಉಗಿಯಂತ್ರವು ಮಾಡುತ್ತಿದ್ದುದನ್ನೇ ಇದೂ ಮಾಡಿತು. 1927ರವರೆಗೆ ಇಂಥ 150 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಬೆಲೆಯು ಒಂದು ಕಾಲಕ್ಕೆ 300 ಡಾಲರಿಗಿಂತ ಕೆಳಗೆ ಇಳಿಯಿತು.

ಇಷ್ಟು ಕಾರುಗಳನ್ನು ಇಷ್ಟು ಅಗ್ಗವಾಗಿ ಮಾಡಲು ನೆರವಾದುದು ಮತ್ತೆ ಸರಪಳಿಯೇ. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಕೆಲಸಗಾರನು ಕಾರಿನ ಬಳಿಗೆ ಹೋಗುವುದನ್ನು ಬಿಡಿಸಿ, ಕಾರೇ ಅವನ ಬಳಿಗೆ ಬರುವಂತೆ ಮಾಡಿದರು. ಮೊದಲು ಹಗ್ಗದಿಂದ ಎಳೆದು ನೋಡಿದರು. 1914ರ ಆರಂಭದಲ್ಲಿ ಕೊನೆಯಿಲ್ಲದ ಸರಪಳಿಯನ್ನು ಹೂಡಿದರು. ಹಿಂದೆ ಒಂದು ಕಾರಿನ ಚೌಕಟ್ಟನ್ನು ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದಿತು. ಈಗ 93 ನಿಮಿಷ ಸಾಕಾಯಿತು. ಆದರೆ ಸರಪಳಿಗೆ ದಾಕ್ಷಿಣ್ಯವಿಲ್ಲ. ಅದು ಸಾಗಿದ ವೇಗದಲ್ಲಿಯೇ ಮನುಷ್ಯನ ಕೈಯೂ ಸಾಗಬೇಕು. ಒಂದೇ ತಿರುಪನ್ನು ದಿನವೆಲ್ಲ ಬಿಗಿಯುವ ಈ ಕೆಲಸವನ್ನು ತಾಳಲಾರದೆ ಜನರು ಗುಂಪುಗುಂಪಾಗಿ ಬಿಟ್ಟುಹೋದರು. ಅವರನ್ನು ಉಳಿಸಿಕೊಳ್ಳಲು ಫೋರ್ಡನು 1914ರ ಜನವರಿಯಲ್ಲಿ ದಿನದ ಆದಾಯವನ್ನು ಐದು ಡಾಲರಿಗೆ ಏರಿಸಿ, ಒಂಬತ್ತು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿದನು. ಆ ಕಾಲಕ್ಕೆ ಇದು ಅದ್ಭುತವಾದ ಕೂಲಿ. ತನ್ನ ಮೊದಲ ಗಾಡಿಯಲ್ಲಿ ಎಂಜಿನ್ನಿಗೂ ಗಾಲಿಗೂ ನಡುವೆ ಜಾರುವ ಬೆಲ್ಟನ್ನು ಇಟ್ಟವನು, ಕಾರ್ಖಾನೆಯ ಸರಪಳಿಗೂ ಮನುಷ್ಯನಿಗೂ ನಡುವೆ ಅಂಥದೊಂದನ್ನು ಇಡಲಿಲ್ಲ.

ಐಶ್ವರ್ಯ ಬೆಳೆದಂತೆ ಅವನ ಹಟವೂ ಬೆಳೆಯಿತು. 1920ರ ದಶಕದಲ್ಲಿ ಅವನ ಪತ್ರಿಕೆಯು ಯಹೂದಿ ಜನರ ವಿರುದ್ಧ ವಿಷಕಾರಿತು; 1927ರಲ್ಲಿ ಅವನು ಕ್ಷಮೆ ಕೇಳಿದನಾದರೂ ಅದರಿಂದಾದ ಕೇಡು ಅಳಿಯಲಿಲ್ಲ. ಕಾರ್ಮಿಕರ ಸಂಘವನ್ನು ಅವನು ಬಹುಕಾಲ ಒಪ್ಪಲಿಲ್ಲ. 1937ರಲ್ಲಿ ಸಂಘದ ಮುಖಂಡರನ್ನು ಅವನ ಕಂಪನಿಯ ಕಾವಲಿನವರು ಹೊಡೆದರು. 1941ರಲ್ಲಿ ಮಾತ್ರ ಒಪ್ಪಂದವಾಯಿತು. 1943ರಲ್ಲಿ ಏಕಮಾತ್ರ ಪುತ್ರ ಎಡ್ಸೆಲ್ ತೀರಿಕೊಂಡನು.

ಮುಪ್ಪಿನಲ್ಲಿ ಫೋರ್ಡನ ಮನಸ್ಸು ಹಳೆಯ ಯಂತ್ರಗಳ ಕಡೆಗೆ ತಿರುಗಿದ್ದಿತು. ತಾನು ಹತ್ತೊಂಬತ್ತರಲ್ಲಿ ನಡೆಸಿದ ಒಕ್ಕಣೆಯ ಉಗಿಯಂತ್ರವನ್ನು ಅದರ 345 ಎಂಬ ನಂಬರಿನಿಂದ ಹುಡುಕಿಸಿ ತಂದು ದುರಸ್ತಿ ಮಾಡಿಸಿದನು. ಮಾರಿದ್ದ ಕ್ವಾಡ್ರಿಸೈಕಲನ್ನು ಅದಕ್ಕೂ ಬಹಳ ಹಿಂದೆಯೇ ಮರಳಿ ಕೊಂಡಿದ್ದನು. ಅದು ಡಿಯರ್‌ಬಾರ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಬ್ಯಾಗ್ಲಿ ಅವೆನ್ಯೂವಿನ ಕೊಟ್ಟಿಗೆಯ ಪ್ರತಿರೂಪವನ್ನೂ ಅವನು ಸಮೀಪದಲ್ಲಿಯೇ ಕಟ್ಟಿಸಿದನು.

1947ರ ಏಪ್ರಿಲ್ ತಿಂಗಳಲ್ಲಿ ರೂಜ್ ನದಿಗೆ ಪ್ರವಾಹ ಬಂದು, ಫೋರ್ಡನ ಮನೆಗೆ ವಿದ್ಯುತ್ತನ್ನೀಯುತ್ತಿದ್ದ ಯಂತ್ರಾಗಾರಕ್ಕೆ ನೀರು ನುಗ್ಗಿತು. ದೀಪಗಳು ನಂದಿದವು. ಏಪ್ರಿಲ್ 7ರ ರಾತ್ರಿ, ಸೀಮೆಎಣ್ಣೆಯ ದೀಪ ಮತ್ತು ಮೇಣದ ಬತ್ತಿಗಳ ಬೆಳಕಿನಲ್ಲಿ, ತಾನು ಹುಟ್ಟಿದ ಹೊಲಮನೆಯಿಂದ ಕೆಲವೇ ಮೈಲಿಗಳ ದೂರದಲ್ಲಿ, ಎಂಬತ್ತಮೂರು ವರ್ಷದ ಹೆನ್ರಿ ಫೋರ್ಡನು ಕೊನೆಯುಸಿರೆಳೆದನು. ಕ್ಲಾರಾ ಪಕ್ಕದಲ್ಲಿದ್ದಳು.